ಗಿರಣಿ ಓಣಿಯ ಡುಮ್ಮರ ಪಡೆ

ಗಿರಣಿ ಓಣಿಯ ನೀಲವ್ವ ಮಾತು ಕೊಟ್ಟಳೆಂದರೆ ಕೆಲಸ ಆದಂತೆಯೇ. ಓಣಿಗೆ ನಲ್ಲಿ ಬಂದದ್ದು ಅವಳಿಂದ. ಚರಂಡಿಗೆ ಕಲ್ಲು ಮುಚ್ಚಿದ್ದು ಅವಳಿಂದ. ಎರಡು ಸಲ ಪುರಸಭೆಗೆ ಆರಿಸಿ ಬಂದಿದ್ದಳು. ಓಣಿಯ ಮಕ್ಕಳೆಲ್ಲ ಅವಳನ್ನು ‘ಮೆಂಬರ್ ಆಯಿ’ ಎಂದೇ ಕರೆಯುತ್ತಿದ್ದವು.

ಅವಳು ಮಾಡಿಸಿದ ಎಲ್ಲ ಕೆಲಸಗಳಲ್ಲಿ ದೊಡ್ಡದು ಸಮುದಾಯ ಭವನ. ಮೊದಲು ಬಡವರ ಮದುವೆಗಳು ಬೀದಿಯಲ್ಲಿ ಪೆಂಡಾಲು ಹಾಕಿ ನಡೆಯುತ್ತಿದ್ದವು. ಮಳೆ ಬಂದರೆ ಎಲೆಯಲ್ಲಿನ ಅನ್ನವೂ ತೊಯ್ಯುತ್ತಿತ್ತು, ಮದುಮಗಳ ಸೀರೆಯೂ ತೊಯ್ಯುತ್ತಿತ್ತು. ಓಣಿಯ ಕೊನೆಗೆ ಮುಚ್ಚಿಹೋದ ಹತ್ತಿ ಗಿರಣಿಯ ಅಂಗಳ ಖಾಲಿ ಬಿದ್ದಿತ್ತು. ನೀಲವ್ವ ಕಚೇರಿಯಿಂದ ಕಚೇರಿಗೆ ಅಲೆದಾಡಿ ಅಲ್ಲಿ ಭವನ ಕಟ್ಟಿಸಿದಳು. ಹಿಂದೆ ಉಳಿದ ಜಾಗಕ್ಕೆ ಹಸಿರು ಹುಲ್ಲು ಹಾಸಿಸಿ, ಸುತ್ತ ತಂತಿ ಬೇಲಿ ಹಾಕಿಸಿ, ಗೇಟಿಗೆ ಬೀಗ ಜಡಿಸಿದಳು. ಮದುಮಕ್ಕಳು ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಓದುವ ಹುಡುಗರಿಗೆ ಅನುಕೂಲವಾಗಲೆಂದು ಭವನಕ್ಕೆ ಬಿಟ್ಟಿ ವೈಫೈಯನ್ನೂ ಹಾಕಿಸಿದಳು.

ಒಂದು ದಿನ ಬೆಳಿಗ್ಗೆ ಓಣಿಯ ಏಳೆಂಟು ತಾಯಂದಿರು ಅವಳ ಮನೆ ಬಾಗಿಲಿಗೆ ಬಂದರು.

“ನೀಲವ್ವಾರ, ನಮ್ಮ ಹುಡುಗ್ರ ತಲಿ ಕೆಟ್ಟೈತ್ರಿ. ಸಾಲಿ ಬಿಟ್ಟ ಕೂಡ್ಲೆ ನಿಮ್ಮ ಭವನದ ಮೆಟ್ಟಲಿಗೆ ಓಡ್ತಾವ. ಕೈಯಾಗ ನಮ್ಮ ಫೋನು, ಫೋನಿನ್ಯಾಗ ಬಂದೂಕು. ಹೊಡಿ, ಬಡಿ, ಎಡಕ್ಕ ಓಡು ಅಂತ ಒದರೂದು. ಕರದ್ರ ಕಿವಿನ ಇಲ್ಲ.”

“ಅದೇನೋ ಡುಮ್ಮರ ಪಡೆ ಅಂತ್ರಿ,” ಎಂದಳು ಮತ್ತೊಬ್ಬಳು. “ಬಿಟ್ಟಿ ಸಿಗ್ತೈತಂತ. ಬಿಟ್ಟಿ ಸಿಕ್ಕಿದ್ದಕ್ಕ ಇಷ್ಟು ಹುಚ್ಚು.”

ನೀಲವ್ವನಿಗೆ ಸಿಟ್ಟು ಬಂತು. ಹುಡುಗರು ಓದಲೆಂದು ತಾನು ಹಾಕಿಸಿದ ವೈಫೈ ಇದಕ್ಕಾಯಿತಲ್ಲ ಎನಿಸಿತು.

“ಇವತ್ತ ಸಂಜಿಗೆ ಆ ವೈಫೈ ವೈರು ಕಿತ್ತಿಸ್ತೀನಿ,” ಎಂದಳು. “ನೀವು ನಿಶ್ಚಿಂತಿಯಿಂದ ಹೋಗ್ರಿ.”

ಸಂಜೆ ಐದರ ಹೊತ್ತಿಗೆ ಅವಳು ವೈರ್‌ಮನ್ ರಸೂಲನನ್ನು ಕರೆದುಕೊಂಡು ಹೊರಟಳು. ರಸೂಲ ಅವಳ ಓರಗೆಯವನು, ಅದೇ ಓಣಿಯಲ್ಲಿ ಹುಟ್ಟಿದವನು. ಒಂದು ಹೆಗಲ ಮೇಲೆ ಏಣಿ, ಕಿಸೆಯಲ್ಲಿ ಕಟಿಂಗ್ ಪ್ಲೇಯರ್. ಇಬ್ಬರೂ ಭವನದ ಹಿಂಬದಿಗೆ ಬಂದರು. ಮೆಟ್ಟಿಲ ಮೇಲೆ ನಾಲ್ಕು ಮಕ್ಕಳು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಒಬ್ಬರೂ ತಲೆ ಎತ್ತಲಿಲ್ಲ.

“ಏನ್ ನಡೆಸೀರಿ ಇಲ್ಲೆ?”

ನೀಲವ್ವನ ದನಿ ಕೇಳಿದ್ದೇ ತಡ, ವಿರುಪಾಕ್ಷಿ ಎಂಬ ಹುಡುಗ ಫೋನನ್ನು ಮೆಟ್ಟಿಲ ಮೇಲೆ ಬಿಟ್ಟು ಓಟ ಕಿತ್ತ. ಉಳಿದವರು ಏಳಲಿಲ್ಲ. ಅವರ ನಡುವೆ ಕೂತಿದ್ದ ಹನ್ನೆರಡು ವರ್ಷದ ಸಬೀನಾ ತನ್ನ ಫೋನಿನಿಂದ ಕಣ್ಣು ಕೀಳದೆಯೇ ಕೂಗಿದಳು.

“ಆಯೀ, ಬೈಯೂದು ಆಮ್ಯಾಲ ಬೈರಿ! ಮೊದ್ಲ ವಿರುಪಾಕ್ಷಿ ಫೋನ್ ಹಿಡೀರಿ. ಅಂವ ನಿಂತ್ರ ನಾವು ಸೋಲ್ತೀವಿ!”

ಆ ದನಿಯಲ್ಲಿ ಎಂಥ ಅವಸರವಿತ್ತೆಂದರೆ ನೀಲವ್ವ ಯೋಚಿಸಲೇ ಇಲ್ಲ. ಬಗ್ಗಿ ಫೋನು ಎತ್ತಿಕೊಂಡಳು.

ಪರದೆಯ ಮೇಲೆ ಒಂದು ಬೊಂಬೆ ನಿಂತಿತ್ತು. ಕುಂಬಳಕಾಯಿಯಷ್ಟು ತಲೆ, ಗಿಡ್ಡ ಕಾಲು, ಕಾಲಿಗಿಂತ ದೊಡ್ಡ ಬೂಟು, ಗುಲಾಬಿ ಟೊಪ್ಪಿಗೆ. ಕೈಯಲ್ಲಿ ಆಟಿಕೆಯಂಥ ಬಂದೂಕು. ಸುತ್ತ ಒಂದು ಬಯಲು. ಅಲ್ಲಲ್ಲಿ ಮುರಿದ ಗೋಡೆ, ಒಂದು ನೀರಿನ ತೊಟ್ಟಿ, ಪೇರಿಸಿಟ್ಟ ಮೂಟೆಗಳು.

“ಹೆಬ್ಬಟ್ಟಿನಿಂದ ದೂಡ್ರಿ, ನಡೀತೈತಿ,” ಎಂದಳು ಸಬೀನಾ.

ನೀಲವ್ವ ದೂಡಿದಳು. ಬೊಂಬೆ ಸೀದಾ ಹೋಗಿ ಗೋಡೆಗೆ ಮೂಗು ತಾಗಿಸಿ ನಿಂತಿತು. ಆಗ ಫೋನಿನ ಒಳಗಿಂದ ಬೇರೊಂದು ಹುಡುಗಿಯ ದನಿ ಬಂತು.

“ವಿರುಪ್ಯಾ, ಗ್ವಾಡಿ ಮೂಸಿ ನೋಡಾಕತ್ತೀಯೇನು?”

“ವಿರುಪ್ಯಾ ಅಲ್ಲ ಭಾಗಿ, ಮೆಂಬರ್ ಆಯಿ!” ಎಂದಳು ಸಬೀನಾ.

ಆ ದನಿ ಆಮೇಲೆ ಮೆತ್ತಗೆ ಹೇಳಿತು: “ಆಯೀ, ನೀವು ನನ್ನ ಹಿಂದ ಬರ್ರಿ. ನೀಲಿ ಟೊಪ್ಪಿಗಿ ನಾನು. ನಿಮಗ ಯಾರೂ ಹೊಡೀದಂಗ ಕಾಯ್ತೀನಿ.”

ಎಷ್ಟು ಕಾಯ್ದರೂ ಬಣ್ಣದ ಗುಂಡೊಂದು ಬಂದು ನೀಲವ್ವನ ಬೊಂಬೆಗೆ ಬಡಿಯಿತು. ಬೊಂಬೆ ಬಲೂನಿನಂತೆ ‘ಟಪ್’ ಎಂದಿತು. ನಾಲ್ಕು ಚುಕ್ಕಿ ಹಾರಿದವು.

“ಸತ್ತೆನೇನ?” ಎಂದಳು ನೀಲವ್ವ.

“ಇಲ್ರಿ ಆಯೀ. ಇದ್ರಾಗ ಯಾರೂ ಸಾಯಂಗಿಲ್ಲ. ತಡೀರಿ, ಐದು ಎಣಿಸೂದ್ರಾಗ ನಮ್ಮ ಗ್ವಾಡಿ ಹತ್ರ ಮತ್ತ ಹುಟ್ತೀರಿ.”

ಹೌದು, ಗುಲಾಬಿ ಟೊಪ್ಪಿಗೆ ಮತ್ತೆ ಗೋಡೆಯ ಬಳಿ ಎದ್ದು ನಿಂತಿತು. ನೀಲವ್ವ ಪರದೆಯನ್ನು ಕಣ್ಣ ಹತ್ತಿರ ಹಿಡಿದಳು. ಆ ಗೋಡೆ, ಆ ತೊಟ್ಟಿ, ಆ ಮೂಟೆಗಳ ಸಾಲು. ಇದನ್ನೆಲ್ಲ ತಾನು ಕಂಡಿದ್ದೇನೆ!

ಐವತ್ತು ವರ್ಷದ ಹಿಂದೆ ಗಿರಣಿ ನಡೆಯುತ್ತಿದ್ದ ಕಾಲ. ಸುಗ್ಗಿಯಲ್ಲಿ ಈ ಅಂಗಳದ ತುಂಬ ಹತ್ತಿ ಮೂಟೆ. ಗಾಳಿಯಲ್ಲೆಲ್ಲ ಅರಳೆ ಹಾರಾಡುತ್ತಿತ್ತು. ಸಂಜೆ ಗಿರಣಿಯ ಭೋಂಗಾ ಕೂಗಿ ಆಳುಗಳು ಮನೆಗೆ ಹೋದರೆಂದರೆ ಅಂಗಳ ಮಕ್ಕಳದು. ಹಳೆ ಅರಿವೆಯಲ್ಲಿ ಹತ್ತಿ ಸುತ್ತಿ, ದಾರ ಬಿಗಿದು ಚೆಂಡು ಮಾಡುತ್ತಿದ್ದರು. ಮಕ್ಕಳಲ್ಲಿ ಎರಡು ಗುಂಪು, ಅದಕ್ಕೆ ಪಾಳಿ ಎನ್ನುತ್ತಿದ್ದರು. ಮೂಟೆಗಳ ಮರೆಯಲ್ಲಿ ಅಡಗಿ ಹೊಡೆಯುವುದು. ಪೆಟ್ಟು ತಿಂದವರು ತೊಟ್ಟಿಯ ತನಕ ಓಡಿ, ಇಪ್ಪತ್ತು ಎಣಿಸಿ, ಮತ್ತೆ ಆಟಕ್ಕೆ ಇಳಿಯಬೇಕು. ಆ ಆಟಕ್ಕೊಂದು ಹೆಸರೂ ಇರಲಿಲ್ಲ. ಒಂದು ಕಾಸೂ ಬೇಕಿರಲಿಲ್ಲ. ‘ಬರ್ತೀಯೇನು?’ ಎಂದು ಕರೆದರೆ ಸಾಕಿತ್ತು. ತಲೆಗೂದಲಲ್ಲಿ ಅರಳೆ ಸಿಕ್ಕಿಸಿಕೊಂಡು ಮನೆಗೆ ಹೋದರೆ ಅವ್ವ ಬೆನ್ನಿಗೊಂದು ಗುದ್ದಿ, ಆಮೇಲೆ ಕೂತು ಒಂದೊಂದಾಗಿ ಆರಿಸುತ್ತಿದ್ದಳು.

ಆಟ ಮುಗಿಯಿತು. ನೀಲವ್ವನ ಪಾಳಿಯೇ ಗೆದ್ದಿತ್ತು. ಅವಳು ಒಂದು ಗುಂಡನ್ನೂ ಸರಿಯಾಗಿ ಹೊಡೆದಿರಲಿಲ್ಲ. ಆದರೂ ಮಕ್ಕಳು ಅವಳ ಕೈ ಹಿಡಿದು “ಗೆದ್ವಿ ಆಯೀ, ಗೆದ್ವಿ!” ಎಂದು ಕುಣಿದವು. ಮೂಲೆಯಿಂದ ವಿರುಪಾಕ್ಷಿಯೂ ಇಣುಕಿದ.

“ಆ ಭಾಗಿ ಅನ್ನಾಕಿ ಯಾರವ್ವ? ಎಲ್ಲಿ ಕುಂತಾಳ?” ಎಂದು ಕೇಳಿದಳು ನೀಲವ್ವ.

“ಭಾಗ್ಯಶ್ರೀ ರೀ. ದುರಗಪ್ಪ ಕಾಕಾನ ಮಗಳು. ಮನಿ ಕಟ್ಟೂ ಕೆಲಸಕ್ಕ ಗೋವಾಕ್ಕ ಹೋದ್ರಲ್ಲ, ಎರಡು ವರ್ಷ ಆತು.” ಸಬೀನಾಳ ದನಿ ಇಳಿಯಿತು. “ಅಲ್ಲೆ ಸಾಲಿಯಾಗ ಆಕಿ ಕೂಡ ಕನ್ನಡ ಮಾತಾಡಾವ್ರು ಯಾರೂ ಇಲ್ರಿ. ದಿನಾ ಐದಕ್ಕ ಆಟಕ್ಕ ಬರ್ತಾಳ. ನಾವು ತಡಾ ಮಾಡಿದ್ರ ಗ್ವಾಡಿ ಹತ್ರ ಒಬ್ಬಾಕಿನ ನಿಂತಿರ್ತಾಳ.”

ಮೇಲಿನಿಂದ ರಸೂಲ ಕೇಳಿದ: “ನೀಲಕ್ಕ, ಕತ್ತರಿಸ್ಲೇನು?” ಅವನು ಏಣಿಯ ಮೇಲಿದ್ದ. ವೈರು ಅವನ ಕೈಯಲ್ಲಿತ್ತು.

ಆದರೆ ನೀಲವ್ವನಿಗೆ ದ್ಯಾಮವ್ವ ನೆನಪಾಗಿದ್ದಳು.

ದ್ಯಾಮವ್ವ ಆಗ ನೀಲವ್ವನ ಪಾಳಿಯ ನಾಯಕಿ. ಅವಳ ಕೈಯಿಂದ ಚೆಂಡು ಹೊರಟರೆ ಗುರಿ ತಪ್ಪುತ್ತಿರಲಿಲ್ಲ. ಹದಿಮೂರು ತುಂಬುವಷ್ಟರಲ್ಲಿ ಅವಳನ್ನು ದೂರದ ಊರಿಗೆ ಮದುವೆ ಮಾಡಿ ಕಳಿಸಿದರು. ಮಕ್ಕಳಿಗೆ ಯಾರೂ ಹೇಳಲಿಲ್ಲ. ಮರುದಿನ ಸಂಜೆ ಪಾಳಿ ಮಾಡಿದಾಗ ಒಬ್ಬರು ಕಡಿಮೆ. ಬರುತ್ತಾಳೆಂದು ಕಾದರು. ಕತ್ತಲಾಗುವ ತನಕ ಆಟ ಶುರು ಮಾಡಲೇ ಇಲ್ಲ.

“ರಸೂಲ್, ದ್ಯಾಮಿ ನೆನಪ ಅದಾಳೇನು ನಿನಗ?”

ರಸೂಲ ಏಣಿಯ ಮೇಲೆಯೇ ನಿಂತು ಕೆಳಗೆ ನೋಡಿದ. “ಹೆಂಗ ಮರೀಲಿ? ಮೂರು ದಿನಾ ಕಾದ್ವಿ. ನೀ ಅತ್ತಿದ್ದಿ.”

“ನೀನೂ ಅತ್ತಿದ್ದಿ,” ಎಂದಳು ನೀಲವ್ವ. “ಆಕಿ ಎಲ್ಲದಾಳೋ, ಹೆಂಗದಾಳೋ, ಇವತ್ತಿಗೂ ಗೊತ್ತಿಲ್ಲ. ಈ ಹುಡುಗ್ರಿಗೆ ತಮ್ಮ ದ್ಯಾಮಿ ಇನ್ನೂ ಸಿಗ್ತಾಳಪಾ. ದಿನಾ ಐದಕ್ಕ ಸಿಗ್ತಾಳ. ನಾ ಅದನ್ನ ಕತ್ತರಿಸ್ಲೇನು?”

ರಸೂಲ ಕಟಿಂಗ್ ಪ್ಲೇಯರನ್ನು ಕಿಸೆಗೆ ಹಾಕಿ ಇಳಿದು ಬಂದ.

ನೀಲವ್ವ ಬೇಲಿಯ ಕಡೆ ತಿರುಗಿದಳು. ಆಚೆ ಹುಲ್ಲು ಹಸಿರಾಗಿ, ನುಣ್ಣಗೆ, ಖಾಲಿಯಾಗಿ ಇತ್ತು. ಬೇಲಿಯ ಈಚೆ ಒಂದು ಮೊಳ ಅಗಲದ ಮೆಟ್ಟಿಲ ಮೇಲೆ ಮಕ್ಕಳು ಇಕ್ಕಟ್ಟಿನಲ್ಲಿ ಕೂತಿದ್ದವು. ಮೂಟೆ, ಗೋಡೆ, ತೊಟ್ಟಿ ಎಲ್ಲ ಅವರ ಅಂಗೈಯಷ್ಟಗಲದ ಪರದೆಯಲ್ಲಿ ಸೇರಿಕೊಂಡಿದ್ದವು. ಭವನ ಬೇಕಾಗಿತ್ತು, ಅದರ ಬಗ್ಗೆ ಅವಳಿಗೆ ಅನುಮಾನವಿರಲಿಲ್ಲ. ಆದರೆ ಈ ಹುಲ್ಲು? ಈ ಬೀಗ? ತಾನು ಆಡಿ ಬೆಳೆದ ನೆಲಕ್ಕೆ ತನ್ನ ಕೈಯಿಂದಲೇ ಬೀಗ ಹಾಕಿಸಿದಾಗ ಒಂದು ಸಲವೂ ಎದೆ ಅಳುಕಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಮರುದಿನ ತಾಯಂದಿರು ಬಂದು ನಿಂತರು.

“ಮಾತು ಕೊಟ್ಟಿದ್ರಿ ನೀಲವ್ವಾರ. ವೈರು ಹಂಗ ಐತಿ.”

“ಹೌದು, ತಪ್ಪೀನಿ. ಬೈಯೂದಿದ್ರ ಬೈರಿ,” ಎಂದಳು ನೀಲವ್ವ. ಆ ಹೊಸಿಲ ಮೇಲೆ ಅಂಥ ಮಾತು ಯಾರೂ ಕೇಳಿರಲಿಲ್ಲ. “ಆದ್ರ ಒಂದು ಹೇಳ್ರಿ. ಆಟ ಬಿಟ್ಟು ಎದ್ರ ನಿಮ್ಮ ಹುಡುಗ್ರು ಎಲ್ಲಿ ಹೋಗಬೇಕು? ಬೀದಿಯಾಗ ಟ್ರ್ಯಾಕ್ಟರ್. ಮನ್ಯಾಗ ಜಾಗಿಲ್ಲ. ಇದ್ದ ಒಂದು ಅಂಗಳಕ್ಕ ನಾ ಬೀಗ ಹಾಕೀನಿ. ಇವತ್ತಿಂದ ಗೇಟು ತೆಗೀತೀನಿ. ಐದಕ್ಕ ಅರ್ಧಾ ತಾಸು ದುರಗಪ್ಪನ ಮಗಳು ಭಾಗಿ ಕೂಡ ಫೋನಿನ್ಯಾಗ ಆಡ್ಲಿ. ಆಮ್ಯಾಲ ಫೋನು ನಿಮ್ಮ ಕೈಗೆ, ಹುಡುಗ್ರು ಬಯಲಿಗೆ.”

ಕೆಲವರು ತಲೆಯಾಡಿಸಿದರು. ಒಬ್ಬಳು “ಇವರಿಗೂ ಹುಚ್ಚು ಹತ್ತೇತಿ” ಎಂದು ಗೊಣಗುತ್ತಾ ಹೋದಳು. ತಿಂಗಳ ತನಕ ಅವಳು ತನ್ನ ಮಗನನ್ನು ಕಳಿಸಲಿಲ್ಲ.

ಗೇಟು ತೆರೆದ ಮೊದಲ ದಿನ ಮಕ್ಕಳಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಹುಲ್ಲಿನ ಅಂಚಿನಲ್ಲಿ ಸಾಲಾಗಿ ನಿಂತವು, ಕಾಲಿಡಲು ಹೆದರಿದವು. ರಸೂಲ ಮನೆಯಲ್ಲಿ ಕೂತು ಆರು ಅರಿವೆ ಚೆಂಡು ಹೊಲಿದು ತಂದಿದ್ದ. ಖಾಲಿ ಪೀಪಾಯಿ, ಮುರಿದ ಬೆಂಚು, ಸಿಮೆಂಟು ಚೀಲಕ್ಕೆ ಉಸುಕು ತುಂಬಿದ ಮೂಟೆ, ಎಲ್ಲ ಹೊತ್ತು ತಂದು ಅಲ್ಲಲ್ಲಿ ಇಟ್ಟ. ಕೊನೆಗೆ ನೀಲವ್ವನೇ ಸೆರಗು ಸಿಕ್ಕಿಸಿ, ಒಂದು ಚೆಂಡು ಎತ್ತಿ, ರಸೂಲನ ಬೆನ್ನಿಗೆ ಬೀಸಿ ಹೊಡೆದಳು. “ಅಯ್ಯ ನನ್ನ ಸೊಂಟಾ!” ಎಂದು ಅವನು ಕೂಗಿದ್ದಕ್ಕೆ ಮಕ್ಕಳು ಬಿದ್ದು ಬಿದ್ದು ನಕ್ಕವು. ಅಲ್ಲಿಂದ ಶುರುವಾಯಿತು.

ಎಲ್ಲವೂ ಸುಸೂತ್ರವಾಗಲಿಲ್ಲ. ಮೊದಲ ವಾರವೇ ವಿರುಪಾಕ್ಷಿ ಬೆಂಚಿಗೆ ಬಡಿದು ಅರ್ಧ ಹಲ್ಲು ಮುರಿದುಕೊಂಡ. ಎರಡು ತಿಂಗಳಲ್ಲಿ ಹುಲ್ಲು ಹಾಳಾಗಿ ಕೆಂಪು ಮಣ್ಣು ಮೇಲೆ ಬಂತು. ಮದುವೆಗೆ ಬಂದ ಬೀಗರು “ಫೋಟೊ ಎಲ್ಲಿ ತೆಗೀಸೂದ್ರಿ, ಧೂಳಿನ್ಯಾಗ?” ಎಂದು ಜಗಳ ತೆಗೆದರು. ಪುರಸಭೆಯಲ್ಲಿ ಒಬ್ಬರು ಎದ್ದು ನಿಂತು, “ಹುಲ್ಲು ಹಾಸಿದವರೂ ಇವರೇ, ತುಳಿಸಿದವರೂ ಇವರೇ” ಎಂದು ಹಂಗಿಸಿದರು. ಸಭೆ ನಕ್ಕಿತು. ಮನೆಗೆ ಬರುವ ದಾರಿಯಲ್ಲಿ ಅಂಗಳದ ಗದ್ದಲ ಕಿವಿಗೆ ಬಿದ್ದಾಗ ನೀಲವ್ವನಿಗೆ ಆ ನಗೆ ಮರೆತುಹೋಯಿತು.

ಮಕ್ಕಳು ಡುಮ್ಮರ ಪಡೆಯನ್ನು ಬಿಟ್ಟವೇ? ಬಿಡಲಿಲ್ಲ. ದಿನವೂ ಐದಕ್ಕೆ ಮೆಟ್ಟಿಲ ಮೇಲೆ ಕೂತು ಗೋವಾದ ಗೆಳತಿಯ ಜೊತೆ ಆಡಿದವು. ಆದರೆ ಅರ್ಧ ತಾಸಾದ ಮೇಲೆ ಯಾರೂ ಕೂಗಿ ಕರೆಯಬೇಕಾಗಿರಲಿಲ್ಲ. “ಭಾಗಿ, ನಾಳೆ ಸಿಗೂಣು” ಎಂದು ಹೇಳಿ ತಾವೇ ಎದ್ದು ಓಡುತ್ತಿದ್ದವು.

ದಸರಾ ಸೂಟಿಗೆ ದುರಗಪ್ಪ ಹೆಂಡತಿ ಮಕ್ಕಳೊಂದಿಗೆ ಊರಿಗೆ ಬಂದ. ಭಾಗ್ಯಶ್ರೀ ಚೀಲವನ್ನು ಹೊಸಿಲಲ್ಲೇ ಎಸೆದು ಅಂಗಳಕ್ಕೆ ಬಂದಳು. ಎರಡು ವರ್ಷದಲ್ಲಿ ಉದ್ದವಾಗಿದ್ದಳು. ಮೊದಲು ಸಬೀನಾ ಅವಳನ್ನು, ಅವಳು ಸಬೀನಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೇ ನಕ್ಕುಬಿಟ್ಟರು.

ಫೋನಿನ ಆಟದಲ್ಲಿ ಭಾಗಿಯನ್ನು ಮೀರಿಸುವವರಿರಲಿಲ್ಲ. ಇಲ್ಲಿ ಅವಳು ಎಸೆದ ಮೊದಲ ಚೆಂಡು ತನ್ನ ಪಾಳಿಯವನ ಬೆನ್ನಿಗೇ ಬಿತ್ತು. ಎರಡನೆಯದು ಬೇಲಿ ದಾಟಿತು. ಮೂರನೆಯದು ಎಲ್ಲಿ ಹೋಯಿತೋ ಸಿಗಲೇ ಇಲ್ಲ. ಅವಳ ಪಾಳಿ ಸೋತು ಸುಣ್ಣವಾಯಿತು. ಭಾಗಿಯ ಮುಖ ಸಣ್ಣದಾಯಿತು.

“ಇನ್ನೊಂದು ಆಟ ಆಡೂಣು,” ಎಂದಿತು ಯಾವುದೋ ಮಗು. ಮತ್ತೆ ಪಾಳಿ ಮಾಡಲು ಎಲ್ಲರೂ ಸಾಲಾಗಿ ನಿಂತರು. ಒಳ್ಳೆ ಗುರಿಕಾರರು ಎಷ್ಟೋ ಮಂದಿ ಇದ್ದರು. ನಾಯಕಿ ಸಬೀನಾ ಅವರನ್ನೆಲ್ಲ ಒಂದು ಸಲ ನೋಡಿದಳು. ನೋಡಿ, ಮೊದಲ ಹೆಸರು ಕೂಗಿದಳು.

“ಭಾಗಿ!”

ನೀತಿ: ಮಕ್ಕಳನ್ನು ಸೆಳೆಯುವ ಆಟವನ್ನು ನಿಲ್ಲಿಸುವ ಮೊದಲು ಅದು ಅವರಿಗೆ ಏನು ಕೊಡುತ್ತಿದೆ ಎಂದು ಕೂತು ತಿಳಿಯಬೇಕು. ಅದು ನಾವೇ ಅವರಿಂದ ಕಸಿದುಕೊಂಡದ್ದಾಗಿದ್ದರೆ ಮೊದಲು ಅದನ್ನು ಮರಳಿಸಬೇಕು. ನಮ್ಮಿಂದ ಕೊಡಲಾಗದ ಸ್ನೇಹವೊಂದು ಅದರಲ್ಲಿದ್ದರೆ ಅದಕ್ಕೆ ಕತ್ತರಿ ಹಾಕಬಾರದು.