ಕಾಲುಗಳ ಹಸಿವು

ಹೊಳೆಪಟ್ಟಣದ ಕೇರಿಕೇರಿಯಲ್ಲೂ ಡಂಗುರದವನು ಸಾರಿದ: “ಕೇಳಿರಪ್ಪೋ ಕೇಳಿ! ಮಾರಾಳ್ವ ಅರಸರ ಮಗಳು ಪದ್ಮಲಾದೇವಿ ಮೂರು ಒಗಟು ಕೇಳುತ್ತಾಳೆ. ಬಿಡಿಸಿದವನು ಅವಳ ಕೈ ಹಿಡಿಯಬಹುದು, ಒಂದು ವರವನ್ನೂ ಬೇಡಬಹುದು. ತಪ್ಪಿದವನ ತಲೆ ಬರುವ ಅಮಾವಾಸ್ಯೆಗೆ ಉರುಳುತ್ತದೆ!”

ದೂಮ ಅದನ್ನು ಕೇಳಿದ್ದು ಅಕ್ಕ ಸೇಸಿಯ ಮನೆಯ ಜಗಲಿಯಲ್ಲಿ. ಅವನು ಕಡಲ ಕಡೆಯ ಹಳ್ಳಿಯವನು. ಭತ್ತ ಬೇಯಿಸಿ, ಒಣಗಿಸಿ, ಕುಟ್ಟಿ ಕುಚ್ಚಲಕ್ಕಿ ಮಾರುವುದು ಅವನ ಕಸುಬು. ಪಟ್ಟಣಕ್ಕೆ ಮದುವೆಯಾಗಿ ಬಂದ ಅಕ್ಕ ಈಗ ಹಾಸಿಗೆ ಹಿಡಿದಿದ್ದಳು. ಪಾದ ಚಿವುಟಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಆ ಬೀದಿಯಲ್ಲಿ ಮನೆಗೊಬ್ಬರು ಹೀಗೆ ಬಿದ್ದಿದ್ದರು. ರಾಜಕುಮಾರಿಯೂ ಪಲ್ಲಕ್ಕಿಯಿಂದ ಇಳಿಯದೆ ವರ್ಷವಾಗಿತ್ತು.

“ನಾನು ತಂದ ಅಕ್ಕಿ ಉಣ್ಣಕ್ಕ,” ಎಂದ ದೂಮ.

“ಆಳುಗಳ ಅಕ್ಕಿ ಅದು. ಪೇಟೆಯವರೆಲ್ಲ ಮಲ್ಲಿಗೆಯಂಥ ಅನ್ನ ಉಣ್ಣುವಾಗ ನಾನು ಅದನ್ನು ಬೇಯಿಸಿದರೆ ಅತ್ತೆ ನಗ್ತಾರೆ ಕಣೋ.”

ದೂಮನಿಗೆ ಇದ್ದದ್ದು ಅನುಮಾನ ಮಾತ್ರ. ಊರಲ್ಲಿ ಓಡಾಡಿಕೊಂಡಿದ್ದ ಅಕ್ಕ ಇಲ್ಲಿಗೆ ಬಂದು ಬಿದ್ದಳು. ಇಲ್ಲಿ ಬದಲಾದದ್ದು ಅನ್ನವೊಂದೇ. ಆದರೆ ಅವನಂಥವನ ಮಾತಿಗೆ ಕಿವಿಗೊಡುವವರು ಯಾರು? ಅರಸನ ಮುಂದೆ ನಿಂತು ಹೇಳಿದರೆ ಕೇಳಿಯಾರು. ಅರಮನೆಗೆ ಹೊರಟ.

ಸಭೆಯಲ್ಲಿ ಅವನಿಗಿಂತ ಮುಂದೆ ಇಬ್ಬರಿದ್ದರು. ಪಲ್ಲಕ್ಕಿಯಲ್ಲಿ ಒರಗಿದ್ದ ಪದ್ಮಲೆ ಮೊದಲನೆಯವನಾದ ಸಾಮಂತನ ಮಗನನ್ನು ಕೇಳಿದಳು: “ಹೊಟ್ಟೆ ತುಂಬಿದರೂ ಹೋಗದ ಹಸಿವು, ಹಸಿದವನಿಗೇ ತಿಳಿಯದ ಹಸಿವು ಯಾವುದು?”

“ಆಸೆ,” ಎಂದು ಅವನು ನಕ್ಕ. ಕಾವಲುಗಾರರು ಎಳೆದೊಯ್ಯುವಾಗಲೂ ಆ ನಗು ಮುಖದಲ್ಲೇ ಹೆಪ್ಪುಗಟ್ಟಿತ್ತು.

ಎರಡನೆಯವನು ಅಕ್ಕಿ ವರ್ತಕರ ಹಿರಿಯ ಪಾಯಪ್ಪ ಸೆಟ್ಟಿಯ ಮಗ ನೇಮಣ್ಣ. ಅವನು ಯೋಚಿಸಿ, “ಮೈಯೊಳಗಿನ ರೋಗ,” ಎಂದ. ಪದ್ಮಲೆ, “ಹತ್ತಿರ ಬಂದೆ,” ಎಂದು ಒಪ್ಪಿ ಎರಡನೆಯದನ್ನು ಕೇಳಿದಳು: “ಉಜ್ಜಿದಷ್ಟೂ ಬೆಲೆ ಏರುತ್ತದೆ, ಸತ್ವ ಇಳಿಯುತ್ತದೆ. ಏನದು?”

“ಮುತ್ತು!”

ಅವನನ್ನೂ ಎಳೆದೊಯ್ದರು. ಸಭೆಯಲ್ಲೇ ಇದ್ದ ಪಾಯಪ್ಪ ಸೆಟ್ಟಿ ಕಂಬಕ್ಕೆ ಆತು ಕುಸಿದ.

“ನೀನು ಹೇಳು,” ಎಂದಳು ಪದ್ಮಲೆ.

“ಅದು ಕಾಲುಗಳ ಹಸಿವು ದೇವಿ. ನನ್ನ ಅಕ್ಕನ ಹೊಟ್ಟೆ ತುಂಬಿದೆ, ಕಾಲು ಉಪವಾಸ ಬಿದ್ದಿವೆ. ಎರಡನೆಯದು ಅಕ್ಕಿ. ಬೆಳ್ಳಗೆ ಉಜ್ಜಿದರೆ ತವುಡಿನ ಜೊತೆ ಅದರ ಜೀವವೂ ಹೋಗುತ್ತದೆ ಅಂತ ನನ್ನ ಭಯ.”

ಸಭೆ ಗುಜುಗುಟ್ಟಿತು. ಪದ್ಮಲೆಯ ಕಣ್ಣು ತುಂಬಿತು. “ನಮ್ಮ ಅಡುಗೆಮನೆಯ ಹೆಂಗಸರು ಕುಚ್ಚಲಕ್ಕಿ ಉಣ್ಣುತ್ತಾರೆ, ಓಡಾಡುತ್ತಾರೆ. ನಾನು ಮಲ್ಲಿಗೆಯಂಥ ಅನ್ನ ಉಂಡು ಮಲಗಿದ್ದೇನೆ. ಹೇಳಿದರೆ ವೈದ್ಯರು ನಕ್ಕರು. ಇನ್ನು ಮೂರನೆಯದು. ಇದರ ಉತ್ತರ ನನಗೂ ಗೊತ್ತಿಲ್ಲ. ಅರಸನ ಆಜ್ಞೆ ಮನೆಯ ಬಾಗಿಲಲ್ಲೇ ನಿಲ್ಲುತ್ತದೆ. ಬಾಗಿಲು ದಾಟಿ, ಊರಿನ ಒಂದೊಂದು ಒಲೆಯನ್ನೂ ದಿನವೂ ಮುಟ್ಟುವ ಕೈ ಯಾರದು?”

“ನನಗೆ ಒಪ್ಪಿಗೆಯಾಗದಿದ್ದರೆ ನೀನು ಅವರ ಜೊತೆಗೇ ಹೋಗುತ್ತೀಯ,” ಎಂದ ಅರಸ.

ದೂಮ ಯೋಚಿಸಿದ. ತಾಯಿ ಎನ್ನಲೇ? ತಾಯಿ ಬೇಯಿಸುವುದು ಮನೆಗೆ ಬಂದದ್ದನ್ನು. ತರುವವರು ಯಾರು? ಅವನ ಕಣ್ಣು ಕಂಬದ ಬಳಿ ಹೋಯಿತು.

“ವರ್ತಕನದು, ಪ್ರಭು. ಪಾಯಪ್ಪ ಸೆಟ್ಟರ ಗಾಡಿ ಹೋಗದ ಕೇರಿಯಿಲ್ಲ.”

“ಹಾಗಾದರೆ ನನ್ನ ಮಗಳನ್ನು ಮಲಗಿಸಿದವನು ಇವನೇ!” ಅರಸ ಕತ್ತಿಗೆ ಕೈ ಹಾಕಿದ.

“ಅಲ್ಲ ಪ್ರಭು! ಜನ ಬಿಳಿಯದು ಬೇಕೆಂದರು, ಸೆಟ್ಟರು ಕೊಟ್ಟರು. ಗೊತ್ತಿದ್ದು ಮಾಡಿದ್ದಲ್ಲ. ಅವರ ಕೈ ಕಡಿದರೆ ಒಲೆ ಮುಟ್ಟುವ ಕೈಯೇ ಉಳಿಯುವುದಿಲ್ಲ.”

ಅರಸ ಬಹಳ ಹೊತ್ತು ಮಗಳ ಕಾಲುಗಳನ್ನೇ ನೋಡಿದ. ಕೊನೆಗೆ ಕತ್ತಿಯಿಂದ ಕೈ ತೆಗೆದ. “ಒಪ್ಪಿದೆ. ವರ ಬೇಡು.”

ಊರೆಲ್ಲ ಕುಚ್ಚಲಕ್ಕಿ ಉಣ್ಣಲೆಂದು ಆಜ್ಞೆ ಬೇಡಲು ಬಂದವನು ದೂಮ. ಆದರೆ ಸೆರೆಮನೆಯ ಕಡೆಯಿಂದ ನೇಮಣ್ಣನ ಅಳು ಕೇಳಿಸುತ್ತಿತ್ತು; ವರ ಇದ್ದದ್ದು ಒಂದೇ.

“ಸೆರೆಯಲ್ಲಿರುವವರನ್ನು ಬಿಟ್ಟುಬಿಡಿ,” ಎಂದ.

ಅಕ್ಕನಿಗೆ ಏನು ಹೇಳಲಿ ಎಂದು ಕಂಗಾಲಾಗಿ ಹೊರಟವನನ್ನು ಪಾಯಪ್ಪ ಸೆಟ್ಟಿ ಮಗನ ಕೈಹಿಡಿದುಕೊಂಡೇ ಅಡ್ಡಗಟ್ಟಿದ. “ನಿನ್ನ ಅಕ್ಕಿಯ ಬಣ್ಣ ನೋಡಿದರೆ ನನ್ನ ಗಿರಾಕಿಗಳು ಓಡುತ್ತಾರೆ. ಭತ್ತವನ್ನು ಬೇಯಿಸಿ ಆಮೇಲೆ ಬಿಳಿ ಮಾಡಿದರೆ?”

“ಬೇಯಿಸಿದಾಗ ಸತ್ವ ಕಾಳಿನೊಳಗೆ ಇಳಿಯುತ್ತದಂತೆ, ನಮ್ಮ ಅಜ್ಜಿ ಹೇಳೋಳು. ಆದರೂ ಆದಷ್ಟು ಕಡಿಮೆ ಉಜ್ಜಿ.”

“ಕಲಿಸು. ರಾಜಕುಮಾರಿ ಉಣ್ಣುವ ಅಕ್ಕಿ ಅಂತ ಹೇಳಿ, ಹಳೆಯ ಬೆಲೆಗೇ ಮಾರುತ್ತೇನೆ. ಬೇಡ ಅನ್ನಲಿ ನೋಡೋಣ!”

ದೂಮ ಕಲಿಸಿದ. ಗಾಡಿಗಳು ಹೊರಟವು. ಸೇಸಿಯ ಅತ್ತೆಯೇ ಮೊದಲು ಕೊಂಡಳು. ಹಲವು ವಾರ ಏನೂ ಆಗದೆ ದೂಮ ನಿದ್ದೆಗೆಟ್ಟ. ಆಮೇಲೊಂದು ಬೆಳಿಗ್ಗೆ ಸೇಸಿ, “ನೆಲ ತಣ್ಣಗಿದೆಯಲ್ಲೋ,” ಎಂದು ಪಾದ ಹಿಂದಕ್ಕೆ ಎಳೆದುಕೊಂಡಳು.

ಮದುವೆಯ ದಿನ ಪದ್ಮಲೆ ಪಲ್ಲಕ್ಕಿಯನ್ನು ಮಂಟಪದ ಬಾಗಿಲಲ್ಲೇ ನಿಲ್ಲಿಸಿ ಇಳಿದಳು. ಊರವರೆಲ್ಲ ವಧುವಿನ ಮುಖ ನೋಡುತ್ತಿದ್ದರೆ, ದೂಮ ಮಾತ್ರ ಅವಳು ತನ್ನೆದುರು ಬಂದು ನಿಲ್ಲುವ ತನಕ ಅವಳ ಪಾದಗಳನ್ನೇ ನೋಡುತ್ತಿದ್ದ.