ಹಚ್ಚದೆ ಬಿಟ್ಟ ಬೆಂಕಿ

“ಗುರುಗಳೇ, ಪಟ್ಟಣದಲ್ಲಿರುವ ಒಡೆಯರೊಬ್ಬರ ಕಾಡನ್ನು ನೋಡಿಕೊಳ್ಳುವ ಕೆಲಸಕ್ಕೆ ನಾಳೆ ಹೊರಟಿದ್ದೇನೆ. ಅವರಿಗೆ ಕಾಡೆಂದರೆ ಭಯ. ಅಲ್ಲಿಯ ಕೆಟ್ಟ ಸುದ್ದಿ ಅವರ ಕಿವಿಗೆ ಬೀಳದಂತೆ ನೋಡಿಕೊಳ್ಳುವುದೂ ಸೇವೆಯೇ ಅಲ್ಲವೇ?” ಎಂದು ಶಿಷ್ಯ ಚನ್ನವೀರ ಕೇಳಿದ.

“ಭಲೇ! ಕೆಲಸಕ್ಕೆ ಸೇರುವ ಮೊದಲೇ ಬಾಯಿಗೆ ಬೀಗ ಹಾಕಿಕೊಂಡೆಯಲ್ಲ” ಎಂದು ನಕ್ಕ ಗುರುಗಳು ಕತೆ ಹೇಳಿದರು.

ಪಟ್ಟಣದ ಒಬ್ಬ ಹೆಂಗಸಿಗೆ ತವರಿನಿಂದ ಒಂದು ಕಾಡು ಬಂದಿತ್ತು. ಅದಕ್ಕೊಬ್ಬ ಕಾವಲುಗಾರನಿದ್ದ. ಬೇಸಿಗೆಗೆ ಮುಂಚೆ ಅವನು ಕಾಡಿನ ಅಂಚಿನ ಹುಲ್ಲನ್ನು ತಾನೇ ನಿಂತು ಸುಡುತ್ತಿದ್ದ. ಆಮೇಲೆ ಹೊರಗಿನ ಬೆಂಕಿ ಎಷ್ಟೇ ಜೋರಾಗಿ ಬಂದರೂ ಆ ಬೋಳು ಪಟ್ಟಿಯನ್ನು ದಾಟುತ್ತಿರಲಿಲ್ಲ.

ಪಟ್ಟಣ ಬೆಳೆದು ಮನೆಗಳು ಕಾಡಿನ ಅಂಚಿಗೇ ಬಂದವು. ಒಂದು ವರ್ಷ ಹೊಗೆ ಕಂಡ ಆ ಮನೆಗಳವರು ಒಡತಿಯ ಬಳಿ ದೂರು ಹೇಳಿದರು. ಆಕೆ ಕಾವಲುಗಾರನನ್ನು ಕರೆಸಿದಳು.

“ಬೆಂಕಿ ಅಂದರೆ ನನ್ನ ಎದೆ ಝಲ್ಲೆನ್ನುತ್ತದಪ್ಪ. ಇನ್ನು ಹಚ್ಚಬೇಡ” ಎಂದಳು.

ಹಚ್ಚದಿದ್ದರೆ ಕಾಡೇ ಹೊತ್ತಿಕೊಂಡೀತು ಎಂದು ಹೇಳಲು ಕಾವಲುಗಾರ ಬಾಯಿ ತೆರೆದ. ಆದರೆ ಕಾಡನ್ನು ಕೊಂಡು ಸೈಟು ಮಾಡುವವರು ಆಗಲೇ ಆಕೆಯ ಮನೆಗೆ ಓಡಾಡುತ್ತಿದ್ದರು. ಆಕೆ ಹೆದರಿ ಅವರಿಗೇ ಮಾರಿಬಿಟ್ಟರೆ? ಕಾಡು ಹೋದರೆ ನನ್ನ ಗತಿ ಏನು? “ಆಗಲಿ ಅಮ್ಮ” ಎಂದು ಹಿಂತಿರುಗಿದ.

ಅಂದಿನಿಂದ ಅವನಿಗೆ ನೆಮ್ಮದಿ ಇಲ್ಲ. ಹುಲ್ಲು ಮೊಣಕಾಲೆತ್ತರ ಬೆಳೆದು ಒಣಗಿತು. ತರಗೆಲೆ ರಾಶಿ ಬಿತ್ತು. ಅಂಚಿನ ದಾರಿಯಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಇವನು ಹಿಂದೆಯೇ ಹೋಗಿ ಕಿಡಿ ಆರಿತೇ ಎಂದು ನೋಡುತ್ತಿದ್ದ. ಒಡತಿ ಮಾತ್ರ ಕಂಡಾಗಲೆಲ್ಲ “ಎಲ್ಲ ಕ್ಷೇಮ ತಾನೇ?” ಎನ್ನುವಳು. ಇವನು “ಕ್ಷೇಮ ಅಮ್ಮ” ಎನ್ನುವನು. ಒಂದು ಬೇಸಿಗೆ ಹಾಗೇ ಕಳೆಯಿತು. ದೇವರು ದೊಡ್ಡವನು ಅಂದುಕೊಂಡ.

ಮರುಬೇಸಿಗೆಯಲ್ಲಿ ಯಾರೋ ಮನೆಯ ಹಿಂದೆ ಕಸಕ್ಕೆ ಬೆಂಕಿ ಹಾಕಿದರು. ಗಾಳಿ ಎದ್ದಿತು. ಕಾವಲುಗಾರ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದ, ಕೂಗಿದ, ಅತ್ತ. ಅಂಗೈಗಳು ಸುಟ್ಟವು. ಒಬ್ಬನಿಂದ ಏನಾದೀತು? ಮನೆಗಳವರು ಮಕ್ಕಳನ್ನು ಎತ್ತಿಕೊಂಡು ಓಡಿದರು. ಸಂಜೆಯ ಹೊತ್ತಿಗೆ ಕಾಡು ಕರಿಬೂದಿಯಾಗಿತ್ತು.

ಒಡತಿ ಓಡೋಡಿ ಬಂದಳು. ಅವನ ಕೈ ನೋಡಿ ಕಣ್ಣೀರು ಹಾಕಿದಳು. ನಡೆದದ್ದನ್ನೆಲ್ಲ ಕೇಳಿದ ಮೇಲೆ, “ಒಂದು ಮಾತು ಹೇಳಬಾರದಿತ್ತೇನೋ?” ಎಂದಳು.

“ಹೇಳಿದ್ದರೆ ನೀವು ಹೆದರಿ ಮಾರಿಬಿಡುತ್ತಿದ್ದಿರಿ ಅಮ್ಮ.”

“ಹೆದರುತ್ತಿದ್ದೆ, ನಿಜ. ಹೆದರಿಕೊಂಡೇ ಬಂದು ನಿನ್ನ ಪಕ್ಕ ನಿಲ್ಲುತ್ತಿದ್ದೆ. ಅಪ್ಪ ಕೊಟ್ಟ ಕಾಡು ಕಣೋ ಇದು. ಮಾರುವ ಮನಸ್ಸಿದ್ದರೆ ಎಂದೋ ಮಾರುತ್ತಿದ್ದೆ. ಇನ್ನು ಏನನ್ನು ಉಳಿಸಿಕೊಳ್ಳಲಿ?”

ಒಡತಿ ಆ ನೆಲವನ್ನು ಮಾರಿದಳು. ಮಳೆಗಾಲಕ್ಕೆ ಮೊದಲೇ ಕೊಂಡವರು ಅಲ್ಲಿ ಸೈಟಿನ ಕಲ್ಲು ನೆಟ್ಟರು.

ಕತೆ ಮುಗಿಯಿತು. “ಪಾಪ, ಅವನು ಒಡತಿಯ ಭಯವನ್ನು ನೋಡಲಾರದೆ ಸುಮ್ಮನಿದ್ದ” ಎಂದ ಚನ್ನವೀರ.

ಗುರುಗಳು ಅವನ ಮುಖವನ್ನೇ ನೋಡಿದರು.

“ನಿನ್ನ ಒಡೆಯರಿಗೆ ಕಾಡಿನ ಭಯವೋ, ನಿನಗೆ ಕೆಲಸ ಹೋದೀತೆಂಬ ಭಯವೋ, ಮೊದಲು ಅದನ್ನು ಹೇಳು.”