ನೆಲವಿಲ್ಲದ ನೀರುಗಂಟಿ

"ಗುರುಗಳೇ, ಊರಿನಲ್ಲಿ ಇಬ್ಬರು ಜಗಳವಾಡಿದರೆ ಪಂಚರಿದ್ದಾರೆ. ಎರಡು ರಾಜ್ಯಗಳು ಜಗಳವಾಡಿದರೆ ಯಾರಿದ್ದಾರೆ?" ಎಂದು ಶಿಷ್ಯ ವಿರೂಪಣ್ಣ ಕೇಳಿದ.

ಮರುದಿನ ಅವನು ಮಠ ಬಿಟ್ಟು ರಾಜನ ಮಂತ್ರಿಯಾಗಿ ಹೊರಡುವವನು. ಗಡಿಯಲ್ಲಿ ರಾಜನ ಮಗ ಯುವರಾಜ ಯುದ್ಧಕ್ಕೆ ಸಜ್ಜಾದ ಸೈನ್ಯದ ಮುಂದೆ ನಿಂತಿದ್ದ. ಏಳು ರಾಜ್ಯಗಳೂ ಒಪ್ಪಿ ತಮ್ಮೆಲ್ಲರ ಮೇಲೊಂದು ನ್ಯಾಯಪೀಠ ಕಟ್ಟಬೇಕೆಂಬ ಮಾತು ಎದ್ದಿತ್ತು. ಏಳರಲ್ಲಿ ತಮ್ಮ ರಾಜನೇ ಬಲಿಷ್ಠ. ಅವನೇಕೆ ಇನ್ನೊಬ್ಬರಿಗೆ ತಲೆಬಾಗಬೇಕು ಎಂಬುದೂ ವಿರೂಪಣ್ಣನನ್ನು ಕೊರೆಯುತ್ತಿತ್ತು.

ಗುರುಗಳು ಹೇಳಿದರು:

ಒಂದು ಕೆರೆ, ಅದರ ಕೆಳಗೆ ಎರಡು ಊರು. ಮೇಲಿನ ಊರಿನಲ್ಲಿ ಒಬ್ಬ ರೈತ. ತೂಬಿನಿಂದ ಹೊರಟ ನೀರು ಮೊದಲು ಮುಟ್ಟುವುದು ಅವನ ಗದ್ದೆಯನ್ನೇ. ಜೊತೆಗೆ ಹೋರಿಯಂಥ ಇಬ್ಬರು ಗಂಡುಮಕ್ಕಳು. ಅವನನ್ನು ಕೇಳುವವರೇ ಇರಲಿಲ್ಲ.

ಹಿಂದೆ ಆ ಕೆರೆಗೊಬ್ಬ ನೀರುಗಂಟಿ ಇದ್ದ. ತೂಬು ತೆರೆದು ಸರದಿಯಂತೆ ನೀರು ಬಿಡುವುದು ಅವನ ಕೆಲಸ. ಅವನು ಸತ್ತ ಮೇಲೆ ಎರಡೂ ಊರು ಹೊಸ ನೀರುಗಂಟಿ ತಮ್ಮವನೇ ಆಗಬೇಕೆಂದು ಹಟ ಹಿಡಿದವು. ಕೊನೆಗೆ ತೂಬಿನ ಬಳಿ ತಮ್ಮ ತಮ್ಮ ಕಾವಲು ಹಾಕಿದವು. ಇವರು ನಾಲ್ವರನ್ನು ಇಟ್ಟರೆ ಅವರು ಎಂಟು ಜನ, ಅವರು ಎಂಟಾದರೆ ಇವರು ಹದಿನಾರು. ನೀರು ಕಾಯುವುದರಲ್ಲೇ ಗದ್ದೆಯ ಕಳೆ ಮೊಳಕಾಲುದ್ದ ಬೆಳೆಯಿತು. ಬುದ್ಧಿವಂತರ ಕೆಲಸ ಹಾಗೇ ಇರುತ್ತದೆ.

ಒಂದು ಮಧ್ಯಾಹ್ನ ಅರ್ಧ ಮಡಿ ಗದ್ದೆಯ ನೀರಿಗಾಗಿ ಗುದ್ದಲಿಗಳು ಎದ್ದವು. ರೈತನ ಹಿರಿಯ ಮಗ ಕಾಲುವೆಯಲ್ಲೇ ಸತ್ತ. ಅವನನ್ನು ಕಾವಲಿಗೆ ಕಳಿಸಿದ್ದವನು ಅಪ್ಪನೇ.

ಮೇಲಿನ ಊರು ತಲೆಗೆ ತಲೆ ಎಂದಿತು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದೆಂದು ರೈತನಿಗೆ ಗೊತ್ತಾಗಿ ಹೋಗಿತ್ತು. ಹನ್ನೊಂದನೆಯ ದಿನದ ಕರ್ಮ ಮುಗಿಸಿ, ಮಗನ ಗುದ್ದಲಿಯನ್ನು ಹೆಗಲಿಗೇರಿಸಿ, ಒಬ್ಬನೇ ಕೆಳಗಿನ ಊರಿಗೆ ನಡೆದ. ಕೊಲ್ಲಲು ಬಂದನೆಂದು ಅಲ್ಲಿಯವರು ದೊಣ್ಣೆ ಹಿಡಿದು ನಿಂತರು. ಅವನು ಗುದ್ದಲಿಯನ್ನು ಅವರ ಕಟ್ಟೆಯ ಮೇಲಿಟ್ಟ. ಎರಡೂ ಊರು ಸೇರಿ ನೀರುಗಂಟಿಯನ್ನು ನೇಮಿಸೋಣ, ಹಳೆಯ ಕಟ್ಟಳೆಯಂತೆ ಈ ಕೆರೆಯ ಕೆಳಗೆ ಗೇಣು ನೆಲವೂ ಇಲ್ಲದವನನ್ನು ಹುಡುಕೋಣ ಎಂದ.

ಆ ಊರಿನ ಯಜಮಾನ ಕೇಳಿದ: "ತೂಬನ್ನು ಒಂದೇ ಕೈಗೆ ಕೊಟ್ಟ ಮೇಲೆ, ಬೇಲಿಯೇ ಎದ್ದು ಹೊಲ ಮೇಯ್ದರೆ?"

"ಅವನ ಕೂಲಿ ಎರಡೂ ಊರಿನ ಕಣದಿಂದ ಹೋಗಲಿ. ಯಾರ ಗದ್ದೆ ಒಣಗಿದರೂ ಅವನ ಮೊರಕ್ಕೆ ಅಷ್ಟು ಭತ್ತ ಕಡಿಮೆ. ಆದರೂ ಸೊಟ್ಟ ನಡೆದರೆ ಇಳಿಸೋಣ, ಅವನು ಒಬ್ಬ. ಇವತ್ತು ಸೊಟ್ಟ ನಡೆದಿರುವುದು ಎರಡು ಊರು, ಯಜಮಾನರೇ. ಯಾರನ್ನು ಇಳಿಸುತ್ತೀರಿ?"

ಬುಟ್ಟಿ ಹೆಣೆಯುವವನೊಬ್ಬ ನೀರುಗಂಟಿಯಾದ. ಕಾವಲಿನವರು ಕಳೆ ಕೀಳಲು ಹೋದರು.

ಮುಂದಿನ ಬೆಳೆಯಲ್ಲಿ ತೆನೆ ಹಾಲುಗಟ್ಟುವ ಹೊತ್ತಿಗೆ ಕೆರೆ ತಗ್ಗಿತು. ಕೊನೆಯ ಗದ್ದೆಗೂ ನೀರು ಮುಟ್ಟಲೆಂದು ನೀರುಗಂಟಿ ಮೊದಲು ಮುಚ್ಚಿದ್ದು ರೈತನ ಗದ್ದೆಗೆ ನೀರು ಹಾಯುವ ಮಡೆಯನ್ನೇ. ನಾವೇ ಕೂರಿಸಿದವನು ನಮಗೇ ಮುಚ್ಚುವುದೇ ಎಂದು ಕಿರಿಯ ಮಗ ಗುದ್ದಲಿ ಹಿಡಿದು ಓಡಿದ. ರೈತ ಅವನಿಗಿಂತ ಮೊದಲೇ ಹೋಗಿ ಮಡೆಗೆ ಅಡ್ಡಲಾಗಿ ಕುಳಿತುಬಿಟ್ಟ. ಕಣ್ಣೆದುರಿಗೆ ತನ್ನ ತೆನೆ ಬಾಡುತ್ತಿತ್ತು. ಆದರೂ ಸರದಿ ಮುಗಿಯುವವರೆಗೆ ಏಳಲಿಲ್ಲ. ಆ ವರ್ಷ ಅವನ ಗದ್ದೆಯ ಕಾಲುಭಾಗ ಜೊಳ್ಳಾಯಿತು. ಎರಡೂ ಊರಿನಲ್ಲಿ ಯಾರೂ ನೀರಿಗಾಗಿ ಸಾಯಲಿಲ್ಲ.

ವಿರೂಪಣ್ಣ ಕೇಳಿದ: "ಇಷ್ಟು ತಿಳಿದ ರೈತ, ಮಗ ಸಾಯುವ ಮೊದಲೇ ಆ ಊರಿಗೆ ನಡೆದು ಹೋಗಬಹುದಿತ್ತಲ್ಲ?"

"ಅದನ್ನೇ ನಿನ್ನ ರಾಜನನ್ನು ಕೇಳು," ಎಂದರು ಗುರುಗಳು, "ಅವನ ಮಗ ಇನ್ನೂ ಬದುಕಿದ್ದಾನೆ."